ನಲವತ್ತು ಗಂಟೆ, ಮೂರು ದಿಕ್ಕು, ಒಂದು ಸೋಫಾ

ಶುಕ್ರವಾರ

ಬ್ರೆವೆ ಅಂದರೆ ದೂರದ ಸೈಕಲ್ ಸವಾರಿ, ರೇಸ್ ಅಲ್ಲ. ಮೊದಲು ಬಂದವನಿಗೂ ಕೊನೆಗೆ ಬಂದವನಿಗೂ ಒಂದೇ ಮರ್ಯಾದೆ. ಗಡುವಿನೊಳಗೆ ಮುಗಿಸಬೇಕು, ಅಷ್ಟೇ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಈ ನಾಲ್ಕನ್ನೂ ಒಂದೇ ಸೀಸನ್ನಿನಲ್ಲಿ ಮುಗಿಸಿದವರನ್ನು ಸೂಪರ್ ರಾಂಡನ್ಯೂರ್ ಎನ್ನುತ್ತಾರೆ. ಪ್ಯಾರಿಸಿನಿಂದ ಬ್ರೆಸ್ಟ್‌ಗೆ ಹೋಗಿ ವಾಪಸ್ ಬರುವ 1200 ಕಿ.ಮೀ. ಸವಾರಿ ಒಂದು ಉಂಟಲ್ಲ, ಅದಕ್ಕೆ ಹೋಗಬೇಕಾದರೆ ಆ ವರ್ಷ ಈ ನಾಲ್ಕೂ ಆಗಿರಬೇಕು. 1891ರಲ್ಲಿ ಅದು ರೇಸ್ ಆಗಿಯೇ ಶುರುವಾದದ್ದು. ಈಗ ನಾಲ್ಕು ವರ್ಷಕ್ಕೊಮ್ಮೆ, ರೇಸ್ ಅಲ್ಲದೆ, 90 ಗಂಟೆಯ ಗಡುವಿನಲ್ಲಿ ನಡೆಯುತ್ತದೆ. ಮುಂದಿನದು 2027ರಲ್ಲಿ.

ನಮ್ಮ ಮಾಷ್ಟ್ರ ಕಣ್ಣು ಆ 2027ರ ಮೇಲೆ. ಅವರು ಬದಿಯಡ್ಕದ ಕಡೆಯವರು, ಕನ್ನಡ ಶಾಲೆಯಲ್ಲಿ ಡ್ರಾಯಿಂಗ್ ಮಾಷ್ಟ್ರು, ರಿಟೈರ್ ಆಗಲು ಹೆಚ್ಚು ವರ್ಷ ಉಳಿದಿಲ್ಲ. ಲೆಕ್ಕಕ್ಕೆ ಬರುವ ಬ್ರೆವೆಗಳಿಗೆ ನಾವು ಮಂಗಳೂರಿಗೋ ಇನ್ನೆಲ್ಲಿಗೋ ಹೋಗಬೇಕು. ಅದಕ್ಕೆ ಮೊದಲು ಊರಲ್ಲೇ ಒಂದು 600 ಮಾಡಿ ನೋಡುವಾ ಅಂತ ಅವರ ಆಸೆ. ಸರ್ಟಿಫಿಕೇಟ್ ಇಲ್ಲ, ಮೆಡಲ್ ಇಲ್ಲ, ಬರೀ ತಾಲೀಮು. ನಾನು ಮತ್ತು ನನ್ನ ಭಾವ ಜೊತೆಗೆ.

ದಾರಿ ಆರಿಸಿದ್ದು ಹೀಗೆ. ನಮ್ಮ ಮನೆ ಇರುವುದು ಕಾಸರಗೋಡಿನ ವಿದ್ಯಾನಗರದಲ್ಲಿ. ಅಲ್ಲಿಂದ ಮೂಡಕ್ಕೆ ಮಡಿಕೇರಿ ಹೆಚ್ಚು ಕಡಿಮೆ 105 ಕಿ.ಮೀ. ತೆಂಕಕ್ಕೆ ಕಣ್ಣೂರು 90ರ ಆಸುಪಾಸು. ಬಡಗಕ್ಕೆ ಉಡುಪಿ 110. ಮೂರಕ್ಕೂ ಹೋಗಿ ಬಂದರೆ 600 ದಾಟುತ್ತದೆ. ಪಡುವಣಕ್ಕೆ ಸಮುದ್ರ, ಆ ದಿಕ್ಕಿನ ಚಿಂತೆ ಇಲ್ಲ. ಶನಿವಾರ ಬೆಳಗ್ಗೆ ನಾಲ್ಕಕ್ಕೆ ಹೊರಟು ಭಾನುವಾರ ರಾತ್ರಿ ಎಂಟರೊಳಗೆ ಮುಗಿಸಬೇಕು.

ಅಮ್ಮ ಅವಲಕ್ಕಿ ಉಂಡೆ ಕಟ್ಟುತ್ತಾ ಕೇಳಿದರು, "ಅಲ್ಲ ಮಾರಾಯ, ಪ್ರತಿ ಸಲ ಇಲ್ಲಿಗೇ ವಾಪಸ್ ಬರುವುದಾದರೆ ಹೋಗುವುದು ಯಾಕೆ?"

ಲೆಕ್ಕ ನೋಡಿದರೆ 600 ದೊಡ್ಡ ಭೂತವೇನಲ್ಲ. ಗಂಟೆಗೆ 15 ಕಿ.ಮೀ. ಆದರೆ ಸಾಕು, ಹಾಲು ತರಲು ಹೋಗುವ ಸ್ಪೀಡು ಅದು. ಕೂತು ತುಳಿಯುವಾಗ 20ರ ಸರಾಸರಿ ಹಿಡಿದರೆ ತುಳಿಯುವುದು 30 ಗಂಟೆ. ಉಳಿದ ಹತ್ತು ಗಂಟೆಯಲ್ಲಿ ಊಟ, ಚಹಾ, ಪಂಕ್ಚರ್, ಮೂತ್ರ, ಫೋಟೋ, ನಿದ್ದೆ ಎಲ್ಲ ಮುಗಿಯಬೇಕು. ಆಟ ಇರುವುದೇ ಆ ಹತ್ತು ಗಂಟೆಯಲ್ಲಿ. ಕಾಲು ಸೋತು ಬಿಟ್ಟವರನ್ನು ನಾನು ಕಂಡದ್ದು ಕಡಿಮೆ. ಜನ ಬಿಡುವುದು ಸೈಕಲಿನಿಂದ ಇಳಿದಾಗ. ಹೋಟೆಲಿನ ಫ್ಯಾನಿನ ಕೆಳಗೆ ಕೂತು, "ಇನ್ನು ಐದು ನಿಮಿಷ" ಅನ್ನುತ್ತಾರಲ್ಲ, ಅಲ್ಲಿ.

ಅದಕ್ಕೇ ಮಾಷ್ಟ್ರು ಒಂದು ನಿಯಮ ಹಾಕಿದರು. ಮನೆಗೆ ಬಂದಾಗ ಯಾರೂ ಶೂ ಬಿಚ್ಚುವಂತಿಲ್ಲ. ಜಗಲಿ ದಾಟಿ ಒಳಗೆ ಕಾಲಿಡುವಂತಿಲ್ಲ.

"ಅದು ಸ್ವಲ್ಪ ಜಾಸ್ತಿ ಆಯಿತಲ್ವಾ ಮಾಷ್ಟ್ರೇ?" ಅಂತ ಭಾವ ನಕ್ಕ.

ಶನಿವಾರ

ಚೆರ್ಕಳದಲ್ಲಿ ಎಡಕ್ಕೆ ತಿರುಗಿ ಜಾಲ್ಸೂರು ರಸ್ತೆ ಹಿಡಿದಾಗ ಕತ್ತಲೆಯೇ. ಈ ರಸ್ತೆಯನ್ನು ಕಾರಲ್ಲಿ ಹೋದವರು ಸಮತಟ್ಟು ಅನ್ನುತ್ತಾರೆ. ಸೈಕಲಲ್ಲಿ ಹೋದವರಿಗೆ ಗೊತ್ತು, ಒಂದು ಏರು, ಒಂದು ಇಳಿಜಾರು, ಮತ್ತೆ ಏರು. ಬೋವಿಕ್ಕಾನದ ಹತ್ತಿರ ರಸ್ತೆ ಬದಿ ಗೇರು ಮರಗಳ ವಾಸನೆ ಮೂಗಿಗೆ ಬಂತು. ಈ ಕಡೆಯ ಸರಕಾರಿ ಗೇರು ತೋಟಗಳ ಮೇಲೆಯೇ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಚೆಲ್ಲಿದ್ದು, ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ. ನಮ್ಮ ಊರಿನ ಎಷ್ಟು ಮನೆಗಳಲ್ಲಿ ಅದರ ಫಲ ಇನ್ನೂ ಮಂಚದ ಮೇಲೆ ಮಲಗಿದೆ ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಾಷ್ಟ್ರ ಕ್ಲಾಸಿನಲ್ಲೂ ಅಂಥ ಮನೆಗಳಿಂದ ಬರುವ ಮಕ್ಕಳಿದ್ದರು. ಆ ಜಾಗ ದಾಟುವವರೆಗೆ ನಾವು ಯಾರೂ ಮಾತಾಡಲಿಲ್ಲ.

ಮುಳ್ಳೇರಿಯ, ಆದೂರು, ಕೊಟ್ಯಾಡಿ. ಗಡಿ ದಾಟಿದ್ದು ಗೊತ್ತಾಗುವುದು ಅಂಗಡಿ ಬೋರ್ಡುಗಳಲ್ಲಿ ಮಲಯಾಳ ನಿಂತಾಗ. ಜಾಲ್ಸೂರಿನಲ್ಲಿ ಮಡಿಕೇರಿ ಹೆದ್ದಾರಿ ಸಿಕ್ಕಿತು, ಬೆಳಕೂ ಹರಿಯಿತು. ಸುಳ್ಯದಲ್ಲಿ ಬನ್ಸ್ ಮತ್ತು ಚಹಾ. ಮಾಷ್ಟ್ರು ವಾಚ್ ಬಿಚ್ಚಿ ಮೇಜಿನ ಮೇಲಿಟ್ಟರು. ಹನ್ನೆರಡು ನಿಮಿಷ ಆದದ್ದೇ ಎದ್ದರು. ಭಾವನ ಕೈಯಲ್ಲಿ ಅರ್ಧ ಬನ್ಸ್ ಇತ್ತು, ಅದನ್ನು ಜೆರ್ಸಿಯ ಹಿಂದಿನ ಕಿಸೆಗೆ ತುರುಕಿಕೊಂಡು ಹೊರಟ.

ಸಂಪಾಜೆಯಿಂದ ಘಾಟಿ. ಮಡಿಕೇರಿ ಇರುವುದು ಸಮುದ್ರ ಮಟ್ಟದಿಂದ 1,100 ಮೀಟರಿಗಿಂತ ಮೇಲೆ. ಸಂಪಾಜೆಯಿಂದ ಅಲ್ಲಿಗೆ 30 ಕಿ.ಮೀ.ಗೆ ಸ್ವಲ್ಪ ಕಡಿಮೆ. ಏರು ತೀರಾ ಕಡಿದಲ್ಲ, ಆದರೆ ಮುಗಿಯುವುದೇ ಇಲ್ಲ. ಇಂಥ ಏರಿಗೆ ಮಾಷ್ಟ್ರು ಹೇಳಿಕೊಡುವುದು ಒಂದೇ ಮಾತು: ಪಕ್ಕದವನ ಜೊತೆ ಮಾತಾಡಲು ಆಗುವಷ್ಟೇ ಜೋರಾಗಿ ತುಳಿ. ಮಾತು ತುಂಡಾದರೆ ಗೇರ್ ಇಳಿಸು. ಅವರ ಸೈಕಲಿನಲ್ಲಿ ಮುಂದೆ 34 ಹಲ್ಲು, ಹಿಂದೆಯೂ 34. ಒಂದು ಸುತ್ತು ತುಳಿದರೆ ಚಕ್ರ ಒಂದೇ ಸುತ್ತು. ನೋಡುವವರಿಗೆ ನಗು ಬರುತ್ತದೆ, ಕಾಲು ತಿರುಗುತ್ತಾ ಇರುತ್ತದೆ, ಸೈಕಲ್ ಮುಂದೆ ಹೋದ ಹಾಗೇ ಕಾಣುವುದಿಲ್ಲ. ಭಾವ ಎದ್ದು ನಿಂತು ತುಳಿದು ಕೊಯನಾಡಿನಲ್ಲೇ ಕಣ್ಮರೆ ಆದ. ಜೋಡುಪಾಲದ ಹತ್ತಿರ ಒಂದು ಮೋರಿ ಮೇಲೆ ಕೂತಿದ್ದ. ನಾವು ಅವನ ಎದುರಿನಿಂದ, ಮಳೆಗಾಲದ ಅಡಿಕೆ ರೇಟಿನ ಬಗ್ಗೆ ಮಾತಾಡುತ್ತಾ ಹಾಗೇ ದಾಟಿ ಹೋದೆವು.

ಜೋಡುಪಾಲದಲ್ಲಿ ಗುಡ್ಡದ ಮೈಮೇಲೆ 2018ರ ಆಗಸ್ಟಿನ ಗಾಯ ಇನ್ನೂ ಕಾಣುತ್ತದೆ. ಆ ಮಳೆಗೆ ಇಲ್ಲಿಯೂ ಮದೆನಾಡಿನಲ್ಲೂ ಗುಡ್ಡ ಜರಿದು ಮನೆಗಳು ಹೋದವು, ಈ ಹೆದ್ದಾರಿಯೇ ಬಂದ್ ಆಗಿತ್ತು. ಈಗ ಉದ್ದಕ್ಕೂ ತಡೆಗೋಡೆ, ಕೆಳಗೆ ಹೊಳೆ. ಅದು ಪಯಸ್ವಿನಿ. ಬೆಳಗ್ಗಿನಿಂದ ನಾವು ಹತ್ತುತ್ತಿದ್ದುದು ಅದು ಇಳಿದು ಬರುವ ದಾರಿಯನ್ನೇ.

ಮಡಿಕೇರಿಯಲ್ಲಿ ಬಿಸಿಲಿದ್ದರೂ ಗಾಳಿ ತಣ್ಣಗಿತ್ತು. ಒಂದು ಅಂಗಡಿಯಲ್ಲಿ ಬಾಳೆಹಣ್ಣು ಕೊಂಡು, ಟೈಮ್ ಇರುವ ಬಿಲ್ ಕೇಳಿ ತೆಗೆದುಕೊಂಡೆವು. ನಿಜವಾದ ಬ್ರೆವೆಯಲ್ಲೂ ಕಂಟ್ರೋಲಿನಲ್ಲಿ, ಅಂದರೆ ದಾರಿಯ ತಪಾಸಣೆ ಜಾಗದಲ್ಲಿ, ಕಾರ್ಡಿಗೆ ಸ್ಟ್ಯಾಂಪ್ ಹಾಕಲು ಯಾರೂ ಇಲ್ಲದಿದ್ದರೆ ಅಂಗಡಿ ಬಿಲ್ಲೋ ಎಟಿಎಂ ಚೀಟಿಯೋ ಸಾಕ್ಷಿಯಾಗುತ್ತದೆ. ಕೋಟೆ, ರಾಜಾಸೀಟು ಏನೂ ನೋಡಲಿಲ್ಲ. "ನೋಡಲು ಬಂದದ್ದಲ್ಲ, ತಿರುಗಲು ಬಂದದ್ದು" ಅಂತ ಮಾಷ್ಟ್ರು ಹ್ಯಾಂಡಲ್ ತಿರುಗಿಸಿದರು.

ಇಳಿಯುವಾಗ ಬ್ರೇಕ್ ಹಿಡಿದು ಹಿಡಿದು ಬೆರಳು ಮರಗಟ್ಟಿತು. ಅರಂತೋಡು ದಾಟುವ ಮೊದಲೇ ನನ್ನ ಹಿಂದಿನ ಚಕ್ರ ಮೆತ್ತಗಾಯಿತು. ಟ್ಯೂಬ್ ಬದಲಿಸುವುದು ಐದು ನಿಮಿಷದ ಕೆಲಸ. ಆದರೆ ಚುಚ್ಚಿದ್ದು ಯಾವುದು ಅಂತ ಹುಡುಕದೆ ಹೊಸ ಟ್ಯೂಬ್ ಹಾಕಿದರೆ ಅದೂ ಹೋಗುತ್ತದೆ. ಟಯರಿನ ಒಳಗೆ ಬೆರಳು ಆಡಿಸಿದರೆ ಏನೂ ಸಿಗಲಿಲ್ಲ. ಮಾಷ್ಟ್ರು ಬ್ಯಾಗಿನಿಂದ ಒಂದು ಚೂರು ಹತ್ತಿ ತೆಗೆದು ಟಯರಿನ ಒಳಮೈಗೆ ಒರೆಸುತ್ತಾ ಹೋದರು. ಒಂದು ಕಡೆ ಹತ್ತಿಯ ಎಳೆ ಸಿಕ್ಕಿಕೊಂಡಿತು. ಅಲ್ಲಿ ಕಣ್ಣಿಗೆ ಕಾಣದಷ್ಟು ಸಪೂರದ ಒಂದು ಉಕ್ಕಿನ ತಂತಿ. ಲಾರಿ ಟಯರುಗಳು ಸಿಡಿದಾಗ ರಸ್ತೆ ಬದಿಯಲ್ಲಿ ಉಳಿಯುವಂಥದ್ದು. ಉಗುರು ಕತ್ತರಿಸುವ ಕಟ್ಟರಿನಲ್ಲಿ ಅದನ್ನು ಕಚ್ಚಿ ಹಿಡಿದು ಎಳೆದರು. ಅರ್ಧ ಸೆಂಟಿಮೀಟರ್ ಇರಬಹುದು. ಹೆದ್ದಾರಿಯ ಬಿಳಿ ಗೆರೆಯಿಂದ ಹೊರಗೆ ತುಳಿದರೆ ಇದರ ಕಾಟ, ಒಳಗೆ ತುಳಿದರೆ ಲಾರಿಯ ಕಾಟ.

ನಿಂತು ನೋಡುತ್ತಿದ್ದ ಅಜ್ಜ ಒಬ್ಬರು ಕೇಳಿದರು, "ಎಲ್ಲಿಗೆ?"

"ಕಾಸರಗೋಡಿಗೆ ಅಜ್ಜ. ಅಲ್ಲಿಂದ ಕಣ್ಣೂರಿಗೆ."

"ಬಸ್ ಉಂಟಲ್ಲ!"

ಐದು ಗಂಟೆ ಹೊತ್ತಿಗೆ ಮನೆ. ಜಗಲಿಯಲ್ಲಿ ನಿಂತುಕೊಂಡೇ ಕುಚ್ಚಿಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ. ದುಡ್ಡು ಕೊಟ್ಟು ತರುವ ಜೆಲ್ಲು ಪೌಡರುಗಳನ್ನೆಲ್ಲ ನಾನು ತಿಂದು ನೋಡಿದ್ದೇನೆ. ಗಂಜಿಯಲ್ಲಿ ನೀರು, ಉಪ್ಪು, ಹಿಟ್ಟಿನಂಶ ಮೂರೂ ಒಟ್ಟಿಗೆ ಉಂಟು, ಹೊಟ್ಟೆಯಲ್ಲಿ ಗಲಾಟೆಯೂ ಇಲ್ಲ. ಮಾಷ್ಟ್ರು ಎರಡು ಬಟ್ಟಲು ಕುಡಿದರು, ಕಂಬಕ್ಕೆ ಒರಗಿಕೊಂಡು.

ಶನಿವಾರ ರಾತ್ರಿ

ಹೊರಡುವಾಗ ಪ್ರತಿಫಲಿಸುವ ಜಾಕೆಟ್, ಹಿಂದೆ ಎರಡೆರಡು ಕೆಂಪು ಲೈಟ್. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ. ಹೆದ್ದಾರಿ ಬಿಟ್ಟು ಕಡಲ ಬದಿಯ ಕಾಞಂಗಾಡ್ ರಸ್ತೆ ಹಿಡಿದೆವು. ಚಂದ್ರಗಿರಿ ಸೇತುವೆ ಮೇಲೆ ಬಂದಾಗ ಸೂರ್ಯ ಮುಳುಗಿ ಸ್ವಲ್ಪ ಹೊತ್ತಾಗಿತ್ತು. ಕೆಳಗಿರುವುದು ಬೆಳಗ್ಗೆ ಘಾಟಿಯಲ್ಲಿ ಕಂಡ ಅದೇ ನೀರು. ಸುಳ್ಯದಲ್ಲಿ ಪಯಸ್ವಿನಿ, ಇಲ್ಲಿ ಚಂದ್ರಗಿರಿ, ಇನ್ನು ಎರಡು ಹೆಜ್ಜೆ ಹೋದರೆ ಸಮುದ್ರ. ನದಿ ನಮಗಿಂತ ಆರಾಮವಾಗಿ ಬಂದಿತ್ತು.

ಬೇಕಲದ ಕೋಟೆ ಕತ್ತಲಲ್ಲಿ ಒಂದು ಕಪ್ಪು ದಿಬ್ಬ. ಹದಿನೇಳನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು ಅಂತ ನಾವೆಲ್ಲ ಶಾಲೆಯಲ್ಲಿ ಓದಿದವರೇ. ಚಂದ್ರಗಿರಿಯ ಕೋಟೆಯೂ ಅವನದೇ ಅನ್ನುತ್ತಾರೆ. ಬಿದನೂರಿನಿಂದ ಕುದುರೆಯ ಮೇಲೆ ಇಲ್ಲಿವರೆಗೆ ಬಂದವರ ಎದುರು ನಾವು ಅಂಡು ನೋವಿನ ಬಗ್ಗೆ ಮಾತಾಡಬಾರದು ಅಂತ ಭಾವ ಹೇಳಿದ. ಹೇಳಿ ಸೀಟಿನಿಂದ ಎದ್ದು ನಿಂತ.

ನೀಲೇಶ್ವರ ದಾಟಿದ ಮೇಲೆ ಚೆಂಡೆ ಕೇಳಿಸಿತು. ಈ ತಿಂಗಳುಗಳಲ್ಲಿ ಆ ಕಡೆ ಯಾವ ರಾತ್ರಿ ಹೋದರೂ ಒಂದಲ್ಲ ಒಂದು ಕಡೆ ತೆಯ್ಯಂ, ಅಂದರೆ ನಮ್ಮ ಭೂತಕೋಲದಂಥ ದೈವದ ಕುಣಿತ, ಇರುತ್ತದೆ. ರಸ್ತೆಯಿಂದ ಸ್ವಲ್ಪ ಒಳಗೆ ತೆಂಗಿನ ತೋಟದಲ್ಲಿ ಟ್ಯೂಬ್‌ಲೈಟು, ಜನ, ಕಡಲೆ ಮಾರುವವರು. ಹತ್ತು ನಿಮಿಷ ಅಂತ ಒಪ್ಪಂದ ಮಾಡಿಕೊಂಡು ಸೈಕಲ್ ಒರಗಿಸಿದೆವು. ಓಲೆಯ ಮರೆಯಲ್ಲಿ ಒಬ್ಬರು ಅಂಗಾತ ಮಲಗಿದ್ದರು, ಕಣ್ಣು ಮುಚ್ಚಿ. ಇನ್ನೊಬ್ಬರು ಅವರ ತಲೆಯ ಹತ್ತಿರ ಕೂತು ಮುಖಕ್ಕೆ ಬಣ್ಣ ಬರೆಯುತ್ತಿದ್ದರು. ಬ್ರಷ್ ಅಂದರೆ ತೆಂಗಿನ ಗರಿಯ ಕಡ್ಡಿ. ಅದರ ತುದಿಯಿಂದ ಕೆನ್ನೆಯ ಕೇಸರಿ ಬಣ್ಣದ ಮೇಲೆ ಕಪ್ಪು ಗೆರೆ, ಕೂದಲಿನಷ್ಟು ಸಪೂರ. ಒಂದು ಸುರುಳಿ ಎಳೆಯುವಾಗ ಬರೆಯುವವರು ಉಸಿರು ಹಿಡಿಯುತ್ತಿದ್ದರು. ಗೆರೆ ಮುಗಿದ ಮೇಲೆ ಬಿಡುತ್ತಿದ್ದರು. ಕೆಳಗಿನವರ ಮುಖದ ಒಂದು ನರ ಕೂಡ ಅಲುಗಲಿಲ್ಲ.

ಹತ್ತು ನಿಮಿಷ ಆಯಿತು. ಹದಿನೈದಾಯಿತು. "ಮಾಷ್ಟ್ರೇ" ಅಂದೆ. ಕೇಳಿಸಲೇ ಇಲ್ಲ. ಇಡೀ ದಿನ ನಮ್ಮನ್ನು ವಾಚ್ ಹಿಡಿದು ಅಟ್ಟಿದವರು, ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು, ತನ್ನ ಬಲಗೈಯ ತೋರುಬೆರಳಿನಿಂದ ತೊಡೆಯ ಮೇಲೆ ಅದೇ ಗೆರೆ ಎಳೆಯುತ್ತಾ ನಿಂತಿದ್ದರು. ಡ್ರಾಯಿಂಗ್ ಮಾಷ್ಟ್ರಲ್ವಾ. ನಾವು ಅವರನ್ನು ಹೊರಡಿಸುವಾಗ ಅರ್ಧ ಗಂಟೆ ಹೋಗಿತ್ತು. ಅದಕ್ಕೆ ಅವರು ಯಾವ ಸಮಜಾಯಿಷಿಯನ್ನೂ ಕೊಡಲಿಲ್ಲ, ನಾವೂ ಕೇಳಲಿಲ್ಲ.

ಪಯ್ಯನ್ನೂರು, ಪಿಲಾತ್ತರ, ಪಳಯಂಗಾಡಿ. ಹೆದ್ದಾರಿಯಲ್ಲಿ ರಾತ್ರಿ ಟ್ಯಾಂಕರ್‌ಗಳ ಓಡಾಟ ಜಾಸ್ತಿ, ಹಾಗಾಗಿ ಪಳಯಂಗಾಡಿ ರಸ್ತೆ ವಾಸಿ. ವಳಪಟ್ಟಣದ ಸೇತುವೆ ದಾಟಿ ಕಣ್ಣೂರು ಮುಟ್ಟುವಾಗ ಹನ್ನೆರಡು ಆಗಿತ್ತು. ಎಟಿಎಂನಲ್ಲಿ ನೂರು ರೂಪಾಯಿ ತೆಗೆದು ಚೀಟಿ ಕಿಸೆಗೆ ಹಾಕಿಕೊಂಡೆವು. ತಳ್ಳುಗಾಡಿಯಲ್ಲಿ ದೋಸೆ, ಆಮ್ಲೆಟ್, ಕಟ್ಟನ್ ಚಾಯ. ಮಾಷ್ಟ್ರು ದೋಸೆ ಮಾತ್ರ.

ವಾಪಸ್ ಬರುವಾಗ ಎರಡೂವರೆ ಮೂರರ ಹೊತ್ತಿಗೆ ನಿದ್ದೆ ಬಂತು. ಅದು ಆಕಳಿಕೆಯ ನಿದ್ದೆ ಅಲ್ಲ. ಕಣ್ಣು ತೆರೆದೇ ಇರುತ್ತದೆ, ಕಾಲು ತುಳಿಯುತ್ತಾ ಇರುತ್ತದೆ, ಮಧ್ಯೆ ಮೂರು ಸೆಕೆಂಡ್ ಎಲ್ಲಿಗೋ ಹೋಗಿರುತ್ತದೆ. ರಸ್ತೆ ಬದಿಯ ಮೈಲಿಗಲ್ಲು ನನಗೆ ಕೂತ ಮುದುಕಿಯಾಗಿ ಕಂಡಿತು. ಮಾಷ್ಟ್ರು ಹಿಂದಿನಿಂದ ಕೂಗಿದರು, "ಹದಿನೇಳರ ಮಗ್ಗಿ ಹೇಳು!" ಹದಿನೇಳು ಒಂದಲ ಹದಿನೇಳು. ಹದಿನೇಳೆರಡಲ ಮೂವತ್ತನಾಲ್ಕು. ಹದಿನೇಳಾರಲ ಎಷ್ಟು ಅಂತ ಹೊಳೆಯಲಿಲ್ಲ. ಹೊಳೆಯದಿದ್ದರೆ ನಿಲ್ಲಬೇಕು ಅಂತ ಅವರ ಲೆಕ್ಕ. ಮಗ್ಗಿ ತಪ್ಪಿದವನಿಗೆ ಎದುರಿನ ಲಾರಿಯ ದೂರವೂ ತಪ್ಪುತ್ತದೆ.

ಚೆರುವತ್ತೂರಿನ ಹತ್ತಿರ ಒಂದು ಬಸ್ ತಂಗುದಾಣ. ಫ್ಲಾಸ್ಕಿನಲ್ಲಿ ತಂದಿದ್ದ ಚಹಾ ಗಟಗಟನೆ ಕುಡಿದು ತಕ್ಷಣ ಮಲಗಿದೆವು. ಕುಡಿದ ಚಹಾದ ಕೆಫೀನ್ ತಲೆಗೇರಲು ಇಪ್ಪತ್ತು ನಿಮಿಷದ ಹತ್ತಿರ ಬೇಕು, ಅಷ್ಟು ಹೊತ್ತು ನಿದ್ದೆ. ಅಲಾರಂ ಹೊಡೆದಾಗ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. ಸಿಮೆಂಟ್ ಬೆಂಚು, ಸೊಳ್ಳೆ, ಒಂದು ನಾಯಿ. ಇಷ್ಟು ಒಳ್ಳೆಯ ನಿದ್ದೆ ಮನೆಯ ಹಾಸಿಗೆಯಲ್ಲೂ ಬಂದದ್ದಿಲ್ಲ.

ಎದ್ದ ಮೇಲೆ ಭಾವನ ಬಾಯಿ ಬಂತು. "ಅಮೆರಿಕ ದಾಟುವ ರೇಸ್ ಉಂಟಲ್ಲ ಮಾಷ್ಟ್ರೇ, ಅವರು ಹೇಗೆ ಮಾಡುತ್ತಾರೆ?" ರೇಸ್ ಅಕ್ರಾಸ್ ಅಮೆರಿಕ, 4,800 ಕಿ.ಮೀ.ಗೂ ಮೇಲೆ, ಒಬ್ಬರೇ ತುಳಿಯುವವರಿಗೆ 12 ದಿನದ ಗಡುವು. 2017ರಲ್ಲಿ ಸೇನೆಯ ವೈದ್ಯ ಶ್ರೀನಿವಾಸ್ ಗೋಕುಲನಾಥ್ ಅದನ್ನು ಒಬ್ಬರೇ ಮುಗಿಸಿದ ಮೊದಲ ಭಾರತೀಯರಾದರು. ಅದೇ ವರ್ಷ ನಾಗಪುರದ ಅಮಿತ್ ಸಮರ್ಥ್ ಕೂಡ ಮುಗಿಸಿದರು. ಅದಕ್ಕೂ ಎರಡು ವರ್ಷ ಮೊದಲು ನಾಸಿಕದ ಮಹಾಜನ್ ಸಹೋದರರು ಇಬ್ಬರ ಟೀಮಾಗಿ ಮುಗಿಸಿದ್ದರು. "ಅವರ ಹಿಂದೆ ಕಾರು ಬರುತ್ತದೆ, ಊಟ ಕೈಗೆ ಕೊಡುತ್ತಾರೆ" ಅಂತ ಭಾವ. "ಕಾರಿನವರು ಊಟ ಕೊಡಬಹುದು ಮಾರಾಯ, ತುಳಿದು ಕೊಡುವುದಿಲ್ಲ" ಅಂತ ಮಾಷ್ಟ್ರು.

ಭಾನುವಾರ

ಆರು ಗಂಟೆಗೆ ಮನೆ. ಬಾಗಿಲು ತೆರೆದಿತ್ತು. ಒಳಗಿನಿಂದ ದೋಸೆ ಹೊಯ್ಯುವ ಸದ್ದು. ನಾನು ಜಗಲಿಯಲ್ಲಿ ಬಾಟ್ಲಿ ತುಂಬಿಸುತ್ತಿದ್ದೆ. ಮಾಷ್ಟ್ರು ಚೈನಿಗೆ ಎಣ್ಣೆ ಬಿಡುತ್ತಿದ್ದರು. ಭಾವ, "ಒಂದು ನಿಮಿಷ, ಚಾರ್ಜರ್ ತರುತ್ತೇನೆ" ಅಂತ ಶೂ ಬಿಚ್ಚಿ ಒಳಗೆ ಹೋದ.

ಐದು ನಿಮಿಷವಾದರೂ ಬರಲಿಲ್ಲ. ಇಣುಕಿ ನೋಡಿದರೆ ಸೋಫಾದಲ್ಲಿ ಕೂತಿದ್ದ. ಮಲಗಿರಲಿಲ್ಲ. ಕೈಯಲ್ಲಿ ಚಾರ್ಜರ್, ತಲೆಯಲ್ಲಿ ಹೆಲ್ಮೆಟ್. ನನ್ನನ್ನು ನೋಡಿ ನಕ್ಕ. ಆ ನಗು ಕಂಡಾಗಲೇ ಗೊತ್ತಾಯಿತು.

"ಕಾಲು ನೋವಾ?"

"ಇಲ್ಲ ಭಾವ. ಏನೂ ನೋವಿಲ್ಲ. ಏಳಲು ಮನಸ್ಸಿಲ್ಲ."

ನಮ್ಮ ಮೂವರಲ್ಲಿ ಅವನೇ ಗಟ್ಟಿಗ. ಘಾಟಿಯಲ್ಲಿ ಅವನ ಹಿಂದೆ ನಾವು ಲೆಕ್ಕಕ್ಕಿಲ್ಲ. 400 ಕಿ.ಮೀ.ಗೆ ಹತ್ತಿರ ತುಳಿದು, ಇನ್ನೂ ಸಾಕಷ್ಟು ಹೊತ್ತು ಕೈಯಲ್ಲಿದ್ದಾಗ ಒಂದು ಸೋಫಾ ಅವನನ್ನು ಹಿಡಿದು ಕೂರಿಸಿತು. ಮಾಷ್ಟ್ರು ಒತ್ತಾಯ ಮಾಡಲಿಲ್ಲ. ಜಗಲಿಯಿಂದಲೇ, "ದೋಸೆ ಬಿಸಿ ಉಂಟು, ತಿಂದು ಮಲಗು" ಅಂತ ಹೇಳಿ ಸೈಕಲ್ ಹತ್ತಿದರು.

ಬಡಗು ದಿಕ್ಕಿನ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ದೊಡ್ಡ ರಸ್ತೆ, ದೊಡ್ಡ ಬಿಸಿಲು. ಹೊಸ ಷಟ್ಪಥದಲ್ಲಿ ಕಾರುಗಳು ಹೋಗುವ ರಭಸ ನೋಡಿ ನಾವು ಸರ್ವೀಸ್ ರಸ್ತೆಯಲ್ಲೇ ಹೋದೆವು. ಅಲ್ಲಿ ಚರಂಡಿ ಚಪ್ಪಡಿಗಳ ಸಂದು ಉದ್ದಕ್ಕೆ ಇರುತ್ತದೆ, ಸಪೂರ ಟಯರಿಗೆ ಅದು ಬಲೆ. ಕೂಡ್ಲಿನ ತೋಟಬೆಳೆ ಸಂಶೋಧನಾ ಕೇಂದ್ರ, ಮೊಗ್ರಾಲ್, ಕುಂಬಳೆ, ಉಪ್ಪಳ, ಮಂಜೇಶ್ವರ, ತಲಪಾಡಿ. 1956ರ ನವೆಂಬರ್ 1ಕ್ಕೆ ಎಳೆದ ಗೆರೆಯನ್ನು ಎರಡು ದಿನದಲ್ಲಿ ಮೂರನೇ ಸಲ ದಾಟಿದೆವು. ಈ ಸಲ ಬೋರ್ಡು ನೋಡಲೂ ತಲೆ ಎತ್ತಲಿಲ್ಲ. ನೇತ್ರಾವತಿ ಸೇತುವೆ, ಪಂಪ್‌ವೆಲ್, ಸುರತ್ಕಲ್, ಮೂಲ್ಕಿ, ಪಡುಬಿದ್ರಿ. ಪ್ರತಿ ಇಪ್ಪತ್ತು ಕಿ.ಮೀ.ಗೆ ಒಂದು ಬೊಂಡದ ಎಳನೀರು, ಅರ್ಧ ಬಾಟ್ಲಿ ನೀರು ತಲೆಗೆ.

ಈ ಹಂತದಲ್ಲಿ ದೇಹ ಬಿಡಿಬಿಡಿಯಾಗಿ ತಕರಾರು ಶುರು ಮಾಡುತ್ತದೆ. ಎಡಗೈಯ ಕಿರುಬೆರಳು, ಉಂಗುರಬೆರಳು ಮರಗಟ್ಟಿದವು. ಅಂಗೈಯ ಬದಿಯಲ್ಲಿ ಹೋಗುವ ನರದ ಮೇಲೆ ಹ್ಯಾಂಡಲಿನ ಭಾರ ಗಂಟೆಗಟ್ಟಲೆ ಬಿದ್ದರೆ ಹೀಗಾಗುತ್ತದೆ. ಕೈಯ ಜಾಗ ಬದಲಿಸುತ್ತಾ ಇರಬೇಕು, ಅದಕ್ಕಿಂತ ದೊಡ್ಡ ಮದ್ದಿಲ್ಲ. ಸೀಟಿನ ವಿಷಯ ಇನ್ನೊಂದು. ಬೆವರು, ಉಪ್ಪು, ಉಜ್ಜುವಿಕೆ ಮೂರೂ ಸೇರಿ ಚರ್ಮ ಏಳುತ್ತದೆ. ಕಂಪೆನಿ ಕ್ರೀಮುಗಳು ಬಂದಿವೆ. ಮಾಷ್ಟ್ರದ್ದು ತೆಂಗಿನೆಣ್ಣೆ. ಕಾಪುವಿನ ಹತ್ತಿರ ಒಂದು ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಸಣ್ಣ ಕುಪ್ಪಿ ಹಿಡಿದು ಹೋಗಿ, ಬಂದು, ನನಗೂ ಕೊಟ್ಟರು. ನಾಚಿಕೆ ಎಲ್ಲ 300 ಕಿ.ಮೀ. ಆಗುವಾಗಲೇ ಮುಗಿದಿರುತ್ತದೆ.

ಉಡುಪಿ ಹನ್ನೆರಡೂಮುಕ್ಕಾಲಿಗೆ. ಬಿಲ್ಲಿಗಾಗಿ ಗೋಳಿಬಜೆ, ಹೊಟ್ಟೆಗಾಗಿ ಮೊಸರನ್ನ. ಮಠದ ಬೀದಿಗೆ ಹೋಗಲಿಲ್ಲ. ಇಲ್ಲಿ ಕೂತದ್ದು ಇಪ್ಪತ್ತು ನಿಮಿಷ. ಫ್ಯಾನಿನ ಕೆಳಗಿನ ಮೇಜು ಖಾಲಿ ಇತ್ತು, ಮಾಷ್ಟ್ರು ಬೇಕೆಂದೇ ಬಾಗಿಲಿನ ಬಿಸಿಲಿಗೆ ಕೂತರು.

ಮಧ್ಯಾಹ್ನದ ಮೇಲೆ ಕಡಲಿನಿಂದ ಗಾಳಿ ಎದ್ದಿತು. ಈ ಕಾಲದಲ್ಲಿ ಅದು ವಾಯವ್ಯದಿಂದ ಬೀಸುತ್ತದೆ, ತೆಂಕಕ್ಕೆ ಹೋಗುವವನ ಬೆನ್ನಿಗೆ ಓರೆಯಾಗಿ ಬೀಳುತ್ತದೆ. ಬಡಗಿನ ದಾರಿಯನ್ನು ಮಾಷ್ಟ್ರು ಕೊನೆಗೆ ಇಟ್ಟದ್ದು ಇದಕ್ಕೇ ಅಂತ ಆಗ ಹೇಳಿದರು. ಸುರತ್ಕಲ್ಲಿನಿಂದ ಮುಂದೆ ಸೈಕಲ್ ತಾನಾಗಿ ಓಡಿತು. ಪಂಪ್‌ವೆಲ್ಲಿನ ಟ್ರಾಫಿಕ್ ಒಂದರಲ್ಲೇ ಹತ್ತಿಪ್ಪತ್ತು ನಿಮಿಷ ತಿಂದಿತು. ಉಪ್ಪಳದಲ್ಲಿ ಲೈಟ್ ಹಾಕಿದೆವು. ಕುಂಬಳೆಯಲ್ಲಿ ಪುನರ್ಪುಳಿ ಶರಬತ್ತು ಕುಡಿಯುವ ಆಸೆ ಆಯಿತು, ಮಾಷ್ಟ್ರು ನಿಲ್ಲಿಸಲಿಲ್ಲ.

ಮನೆ ಗೇಟಿನ ಹತ್ತಿರ ಬಂದಾಗ ಏಳು ಗಂಟೆ ಇಪ್ಪತ್ತೈದು. ಭಾವ ಎರಡು ಕುರ್ಚಿ ತಂದು ಜಗಲಿಯಲ್ಲಿ ಹಾಕಿದ್ದ. ಮೂವತ್ತೈದು ನಿಮಿಷ ಕೈಯಲ್ಲಿತ್ತು. ಹೆಚ್ಚು ಕಡಿಮೆ ತೆಯ್ಯಂ ನೋಡುತ್ತಾ ನಿಂತಷ್ಟೇ.

ಸೋಮವಾರ

ಅಂಗಿಯ ಗುಂಡಿ ಹಾಕಲು ಎಡಗೈ ಬರಲಿಲ್ಲ. ಅಮ್ಮನೇ ಹಾಕಿಕೊಟ್ಟರು, ಒಂದನೇ ಕ್ಲಾಸಿನ ಹುಡುಗನಿಗೆ ಹಾಕಿದ ಹಾಗೆ. ಮಾಷ್ಟ್ರು ರಜೆ ಹಾಕದೆ ಶಾಲೆಗೆ ಹೋಗಿದ್ದರು. ಮಧ್ಯಾಹ್ನ ಫೋನ್ ಮಾಡಿದರೆ, ಬೋರ್ಡಿನ ಮೇಲೆ ಮಾವಿನಹಣ್ಣು ಬರೆಯಲು ಹೋಗಿ ಗೇರುಹಣ್ಣು ಆಯಿತು, ಮಕ್ಕಳು ನಕ್ಕರು ಅಂದರು.

ಭಾವ ಹತ್ತು ಗಂಟೆಗೆ ಎದ್ದು ನಕಾಶೆ ಹಿಡಿದು ಕೂತಿದ್ದ. ಮುಂದಿನ ಸಲ ಮೂರೂ ದಾರಿ ಸೇರುವ ಜಾಗ ನಮ್ಮ ಮನೆ ಆಗಬಾರದಂತೆ, ಚೆರ್ಕಳದ ಬಸ್ ಸ್ಟ್ಯಾಂಡ್ ಆಗಬೇಕಂತೆ. ಅಲ್ಲಿ ಕೂರಲು ಕಬ್ಬಿಣದ ಬೆಂಚು ಬಿಟ್ಟರೆ ಬೇರೆ ಏನೂ ಇಲ್ಲ, ಅದರ ಮೇಲೂ ಯಾರಾದರೂ ಕೂತೇ ಇರುತ್ತಾರೆ ಅಂತ ಅವನ ವಾದ. ಮಾಷ್ಟ್ರಿಗೆ ಹೇಳಿದೆ. ಚೆರ್ಕಳ ಆಗಬಹುದು, ಆದರೆ ನೀಲೇಶ್ವರದ ದಾರಿ ಬದಲಿಸುವುದು ಬೇಡ ಅಂದರು.